ಅದು ತಾನ ಬಂದ್ ಆಗತೈತ್ರೀ!

"ಅಣ್ಣಾ, ನಾ ಏನೂ ಮಾಡಿಲ್ಲ. ಅದು ತಾನ ಬಂದ್ ಆತು!" ಫೋನ್ ಎತ್ತಿದ ಕೂಡಲೇ ನಿಮ್ಮ ಬಾಯಾಗಿಂದ ಬರೋ ಮೊದಲನೇ ಮಾತ ಇದು, ಹೌದಿಲ್ಲೋ? ಹಲೋ ಇಲ್ಲ, ಊಟಾ ಆತೇನು ಇಲ್ಲ. ಹೊಸಾ ಗೇಮಿಂಗ್ ಸಿಸ್ಟಮ್ ಅಸೆಂಬಲ್ ಮಾಡಿದವರೆಲ್ಲಾರೂ ಈ ಮಾತ ಬಾಯಿಪಾಠ ಮಾಡ್ಕೊಂಡ ಬಂದಿರ್ತೀರಿ. (ತುಡುಗು ಮಾಡಿ ಸಿಕ್ಕಬಿದ್ದಾವನೂ ಠಾಣೆದಾಗ ಇದನ್ನ ಹೇಳೋದು.)

ನಾಚಿಕಿ ಪಡಬ್ಯಾಡ್ರಿ. ನಮ್ಮ ಕೊಣ್ಣೂರದಾಗ ನೀವೊಬ್ರ ಅಲ್ಲ. ರಾತ್ರಿ ಹನ್ನೊಂದಕ್ಕ ಓಣ್ಯಾಗ ಹೊಂಟ್ರ ಯಾವ ಕಿಡಕ್ಯಾಗ ಕೆಂಪು, ಹಸರು, ನೀಲಿ ಲೈಟ್ ಕುಣ್ಯಾಕ ಹತ್ತಿರ್ತಾವೋ ಆ ಮನ್ಯಾಗ ಒಂದು ಸಿಸ್ಟಮ್ ಐತಿ ಅಂತ ತಿಳೀರಿ. ಲೈಟ್ ಒಮ್ಮಿಂದೊಮ್ಮೆ ಆರಿ, ಮತ್ತ ಹತ್ತಿ, ಒಳಗಿಂದ ಒಂದ ಬೈಗುಳಾ ಕೇಳಿಬಂತಂದ್ರ ಅದು ಹೊಸಾ ಸಿಸ್ಟಮ್. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕಿನ ಹಣೆಬಾರ ಒಂದ.

ನಿಮ್ಮ ಸಿಸ್ಟಮ್ ಹ್ಯಾಂಗ ಕೂಡಿ ಬಂತು ಅಂತ ನಾ ಹೇಳ್ಲ್ಯಾ? ರ‍್ಯಾಮ್ ಆನ್‌ಲೈನ್ ಸೇಲಿನ್ಯಾಗ ತಗೊಂಡಿದ್ದು. ಪ್ರೊಸೆಸರ್ ಬೆಳಗಾವ್ಯಾಗ. ಗ್ರಾಫಿಕ್ಸ್ ಕಾರ್ಡ್ ಬೆಂಗಳೂರಾಗ ಕೆಲಸಾ ಮಾಡೋ ಮಾಮಾನ ಮಗನ ಕೈಲೆ ಎಸ್.ಪಿ. ರೋಡಿಂದ ತರಿಸಿದ್ದು (ಪಾಪ, ಅಂವ ರಾತ್ರಿಯೆಲ್ಲಾ ಬಸ್ಸಿನ್ಯಾಗ ಡಬ್ಬಿ ತೊಡಿ ಮ್ಯಾಲಿಂದ ಇಳಿಸಿಲ್ಲ). ಎಲ್ಲಾ ಆದ ಮ್ಯಾಲ ಕಿಸೇದಾಗ ಉಳದ ಚಿಲ್ಲರದಾಗ ಏನ ತಗೊಂಡ್ರಿ? ಎಲ್ಲಾದಕ್ಕೂ ಕರೆಂಟ್ ಕೊಡೋ ಎಸ್‌ಎಂಪಿಎಸ್!

ಯಾಕ ಹಂಗ ಮಾಡಿದ್ರಿ ಅಂತನೂ ಗೊತ್ತೈತಿ. ಗ್ಲಾಸಿನ ಕ್ಯಾಬಿನೆಟ್ಟಿನ್ಯಾಗ ಎಲ್ಲಾ ಕಾಣತೈತಿ, ಎಸ್‌ಎಂಪಿಎಸ್ ಒಂದ ಕಾಣೂದಿಲ್ಲ. ಅದು ಕೆಳಗ ಕತ್ತಲದಾಗ ಕುಂತಿರತೈತಿ. ಕಾಣಲಾರದ್ದಕ್ಕ ಯಾಕ ರೊಕ್ಕಾ ಹಾಕಬೇಕು? ಅದ ರೊಕ್ಕದಾಗ ಇನ್ನೂ ಮೂರು ಆರ್‌ಜಿಬಿ ಫ್ಯಾನ್ ಬಂದಾವು. ಡಬ್ಬಿ ಮ್ಯಾಲ 650 ವ್ಯಾಟ್ ಅಂತ ಬರದೈತಿ ಅಂತೀರಿ. ಬರ‍್ಯಾಕೇನ ರೊಕ್ಕಾ ಹತ್ತತೈತೇನ್ರೀ?

ಈಗಿನ ಗ್ರಾಫಿಕ್ಸ್ ಕಾರ್ಡ್ ಸುಮ್ನ ಒಂದ ಸಮ ಕರೆಂಟ್ ಎಳ್ಯೂದಿಲ್ಲ. ಗೇಮಿನ್ಯಾಗ ಬಾಂಬ್ ಸಿಡದ ಕೂಡಲೇ, ಕಣ್ಣ ಮುಚ್ಚಿ ತಗ್ಯೂದ್ರಾಗ, ತನ್ನ ಹೆಸರಿನ ಮುಂದ ಬರದ ವ್ಯಾಟಿಗಿಂತ ಭಾಳ ಜಾಸ್ತಿ ಎಳದಬಿಡತೈತಿ. ಅದಕ್ಕಂತನ 2022ರಾಗ ಎಟಿಎಕ್ಸ್ 3.0 ಅನ್ನೋ ನಿಯಮಾ ಬಂತು: ಎಸ್‌ಎಂಪಿಎಸ್ ತನ್ನ ತಾಕತ್ತಿನ ಎರಡರಷ್ಟು ಎಳತಾ 100 ಮೈಕ್ರೋಸೆಕೆಂಡ್ ತಡಕೋಬೇಕು ಅಂತ. ನಿಮ್ಮ ಕತ್ತಲಕೋಣಿ ಎಸ್‌ಎಂಪಿಎಸ್ ಆ ನಿಯಮಾ ಓದಿಲ್ಲ. ಅದು ಪಟ್ನ ಕೈ ಬಿಡತೈತಿ. ಸಿನಿಮಾ ನೋಡುಮುಂದ ಏನೂ ಇಲ್ಲ, ಬಾಸ್ ಫೈಟ್ ಬಂದ ಕೂಡಲೇ ಬಂದ್! ಹಿಂಗ ಆಗೇತಿಲ್ಲೋ?

ಇರ್ಲಿ, ಎಲ್ಲಾರದೂ ಎಸ್‌ಎಂಪಿಎಸ್ ತಪ್ಪ ಅಂತಿಲ್ಲ. ಬಂದ್ ಆದ ಮ್ಯಾಲ ನೀವೇನ ಮಾಡಿದ್ರಿ ಅನ್ನೋದ ಮಜಾ ಇರೋದು. ಮೊದಲ ಅವ್ವಗ ಹೇಳಿದ್ರಿ. ಅವ್ವ ದೃಷ್ಟಿ ಆಗೇತಿ ಅಂತ ಕ್ಯಾಬಿನೆಟ್ಟಿಗಿ ನಿಂಬಿಕಾಯಿ, ಮೆಣಸಿನಕಾಯಿ ಕಟ್ಟಿದ್ಲು. ಕಾಕಾಗ ಹೇಳಿದ್ರಿ. "ದಿನಾ ಅದರ ಮುಂದ ಕುಂತ್ರ ಮತ್ತೇನಾಗಬೇಕು?" ಅಂದ. ಗೆಳ್ಯಾರಿಗಿ ಹೇಳಿದ್ರಿ. ಎಲ್ಲಾರೂ ಒಂದ ಬಾಯಿಲೆ ಹೇಳಿದ್ರು: "ಫಾರ್ಮ್ಯಾಟ್ ಹೊಡಿ."

ಫಾರ್ಮ್ಯಾಟ್ ಹೊಡದ್ರಿ. ಹೊಸಾ ವಿಂಡೋಸ್ ಬಂತು, ಮತ್ತ ಬಂದ್ ಆತು. (ಲಕ್ಷದ ಸಿಸ್ಟಮ್ಮಿನ ಸ್ಕ್ರೀನಿನ ಬಲಕ್ಕ ಕೆಳಗ "ಆಕ್ಟಿವೇಟ್ ವಿಂಡೋಸ್" ಅಂತ ಬೂದಿ ಬಣ್ಣದ ಅಕ್ಷರಾ ಇನ್ನೂ ಅದಾವಲ್ಲಾ, ಅದನ್ನ ನಾ ನೋಡಿಲ್ಲ ಅನ್ಕೋಬ್ಯಾಡ್ರಿ.) ಕ್ರ್ಯಾಕ್ ಮಾಡಿದ ಗೇಮ್ ಹಾಕಾಕ ಆಂಟಿವೈರಸ್ ಬಂದ್ ಮಾಡಿದ್ದೂ ಗೊತ್ತೈತಿ. ಆ ಮಾತ ಈಗ ಬ್ಯಾಡ ಬಿಡ್ರಿ.

ಎಲ್ಲಾರನ್ನೂ ಕೇಳಿದ್ರಿ. ಕಂಪ್ಯೂಟರಿಗೇ ಕೇಳಿದ್ರೇನು? ಅದು ಎಲ್ಲಾ ಬರದ ಇಟ್ಕೊಂಡಿರತೈತಿ ಮಾರಾಯ್ರಾ!

ಮೊದಲನೇದು, ವಿಂಡೋಸಿಗಿ ಒಂದು ಚಟಾ ಐತಿ. ಎಡವಿ ಬಿದ್ದ ಕೂಡಲೇ ಯಾರೂ ನೋಡಬಾರದಂತ ಲಗೂನ ಎದ್ದ ನಿಂದರತೈತಿ. ಸಿಸ್ಟಮ್ ಪ್ರಾಪರ್ಟೀಸಿನ್ಯಾಗ ಅಡ್ವಾನ್ಸ್ಡ್, ಅದರಾಗ ಸ್ಟಾರ್ಟಪ್ ಆ್ಯಂಡ್ ರಿಕವರಿ, ಅಲ್ಲೆ "ಆಟೋಮ್ಯಾಟಿಕಲಿ ರೀಸ್ಟಾರ್ಟ್" ಅನ್ನೋದಕ್ಕ ಟಿಕ್ ಹಾಕೇ ಬಂದಿರತೈತಿ. ಆ ಟಿಕ್ ತಗೀರಿ. ಆಮ್ಯಾಲ ನೀಲಿ ಸ್ಕ್ರೀನ್ ಬಂದ್ರ ನೀವು ಓದೂತನಾ ನಿಂತಿರತೈತಿ. (2025ರಾಗ ಮೈಕ್ರೋಸಾಫ್ಟ್‌ನವರು ವಿಂಡೋಸ್ 11ರಾಗ ಆ ನೀಲಿ ತಗದ ಕರೇ ಸ್ಕ್ರೀನ್ ಮಾಡ್ಯಾರ. ಬಣ್ಣಾ ಬದಲಾತು, ಸುದ್ದಿ ಅದ.)

ಇನ್ನ ವಿಂಡೋಸಿನ ದಿನಚರಿ, ಇವೆಂಟ್ ವ್ಯೂವರ್. ಅದನ್ನ ತಗದ್ರಿ, ಕೆಂಪ ಗುರ್ತಿನ ಮುಂದ "ಕರ್ನಲ್ ಪವರ್ 41" ಅಂತ ಕಂಡ್ರಿ, ಪವರ್ ಅಂದ ಮ್ಯಾಲ ಎಸ್‌ಎಂಪಿಎಸ್ ಹೋತು ಅಂತ ಊರಿಗೆಲ್ಲಾ ಡಂಗುರಾ ಸಾರಿದ್ರಿ. ತಡೀರಿ, ತಡೀರಿ! ಆ 41 ಹೇಳೋದ ಇಷ್ಟ: "ಹೋದ ಸಲ ನನಗ ಹೇಳಲಾರದ ಸಿಸ್ಟಮ್ ಬಂದ್ ಆಗಿತ್ತು." ನೀವು ಸ್ವಿಚ್ ಒತ್ತಿಹಿಡದ ಬಂದ್ ಮಾಡಿದ್ರೂ 41. ಕರೆಂಟ್ ಹೋದ್ರೂ 41. ಹ್ಯಾಂಗ್ ಆಗಿ ನಿಂತು ನೀವು ವೈರ್ ಕಿತ್ತಿದ್ರೂ 41.

ಅದರ ಒಳಗ ಡಿಟೇಲ್ಸ್ ಅಂತ ಐತಲ್ಲಾ, ಅದನ್ನ ನೀವು ಒತ್ತೂದ ಇಲ್ಲ. ಅಲ್ಲೆ ಬಗ್‌ಚೆಕ್ ಕೋಡ್ ಸೊನ್ನಿ ಇದ್ರ ವಿಂಡೋಸಿಗಿ ಒಂದ ಮಾತೂ ಬರ‍್ಯಾಕ ಟೈಮ್ ಸಿಕ್ಕಿಲ್ಲ ಅಂತ ಅರ್ಥ: ಕರೆಂಟ್, ಎಸ್‌ಎಂಪಿಎಸ್, ಬಿಸಿ, ಇಲ್ಲಾ ಪೂರಾ ಹ್ಯಾಂಗ್. ಸೊನ್ನಿ ಬಿಟ್ಟ ಬ್ಯಾರೆ ನಂಬರ್ ಇದ್ರ ಅದು ಸಾಯುಮುಂದ ಚೀಟಿ ಬರದಿಟ್ಟೈತಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ್ಯಾಗ ಮಿನಿಡಂಪ್ ಅಂತ ಇರತೈತಿ, ಚೀಟಿ ಅಲ್ಲಿ. ಮಗ್ಗಲಕ "ಡಬ್ಲ್ಯೂಎಚ್ಇಎ ಲಾಗರ್ 18" ಅಂತ ಬಂದು, ಸಲಾ ಸಲಾ ಅದ ಕೋರಿನ ನಂಬರ್ ಹೇಳಿದ್ರ ಪ್ರೊಸೆಸರಿನ ಕಡೆ ಬಟ್ಟ ತೋರಸಾಕ ಹತ್ತೈತಿ ಅಂತ ತಿಳೀರಿ.

ಹಂಗಾರ ರ‍್ಯಾಮಿನ ಕತಿ ಏನು? ಡಬ್ಬಿ ಮ್ಯಾಲ 6000 ಅಂತ ದೊಡ್ಡದಾಗಿ ಬರದೈತಿ. ಹಾಕಿದ್ರಿ, ಟಾಸ್ಕ್ ಮ್ಯಾನೇಜರಿನ್ಯಾಗ 4800 ಅಂತ ತೋರಸ್ತು. ಮೋಸಾ ಆತಂತ ಅಂಗಡಿಯವಗ ಬೈದ್ರಿ. ಆಮ್ಯಾಲ ಯೂಟ್ಯೂಬಿನವ ಹೇಳಿದಂಗ ಬಯೋಸಿನ್ಯಾಗ ಎಕ್ಸ್‌ಎಂಪಿ (ಎಎಂಡಿ ಇದ್ದವರಿಗಿ ಎಕ್ಸ್‌ಪೋ) ಚಾಲೂ ಮಾಡಿದ್ರಿ. 6000 ಬಂತು. ಫೋಟೋ ತಗದ ಗೆಳ್ಯಾರ ಗ್ರೂಪಿಗಿ ಹಾಕಿದ್ರಿ. ಅವತ್ತ ರಾತ್ರಿಯಿಂದ ಬಂದ್ ಆಗಾಕ ಹತ್ತೇತಿ, ಮತ್ತ ನೀವು "ನಾ ಏನೂ ಮಾಡಿಲ್ಲ"!

ಆ 6000 ಅನ್ನೋದು ಓವರ್‌ಕ್ಲಾಕ್ ರೀ. ರ‍್ಯಾಮ್ ಒಪ್ಪಿದ್ರೂ ಪ್ರೊಸೆಸರಿನ ಒಳಗಿನ ಮೆಮರಿ ಕಂಟ್ರೋಲರ್ ಒಪ್ಪಬೇಕು, ಬೋರ್ಡ್ ಒಪ್ಪಬೇಕು. ನೋಡಾಕ ಚಂದ ಅಂತ ನಾಕೂ ಸ್ಲಾಟಿಗಿ ನಾಕು ಸ್ಟಿಕ್ ತುಂಬಿದ್ರಂತೂ ಅದು ಕೈ ಮುಗದ ನಿಂದರತೈತಿ. ಎರಡ ಸ್ಟಿಕ್ ಇದ್ರ ಹೆಚ್ಚಿನ ಬೋರ್ಡಿನ್ಯಾಗ ಪ್ರೊಸೆಸರಿನ ಕಡಿಂದ ಎರಡನೇದು, ನಾಕನೇದು ಸ್ಲಾಟಿಗಿ ಹಾಕಬೇಕು. ಮ್ಯಾನುವಲಿನ್ಯಾಗ ಚಿತ್ರಾ ಸಮೇತ ಐತಿ. ಮ್ಯಾನುವಲ್ ಎಲ್ಲೈತಿ? ಡಬ್ಬಿದಾಗ, ಕವರ್ ಸಮೇತ, ಹುಟ್ಟಿದಂಗ ಐತಿ!

ಇನ್ನೊಂದು. ಡಿಡಿಆರ್ 5 ರ‍್ಯಾಮ್ ಹಾಕಿ ಮೊದಲನೇ ಸಲ ಚಾಲೂ ಮಾಡಿದಾಗ ಬೋರ್ಡ್ ಅದನ್ನ ಪರೀಕ್ಷೆ ಮಾಡಿ ಹೊಂದಿಸ್ಕೊಳ್ಳಾಕ ಕೆಲವ ನಿಮಿಷಾ ತಗೋತೈತಿ. ಸ್ಕ್ರೀನ್ ಕರ‍್ರಗ ಇರತೈತಿ. ನಿಮಗ ಅಷ್ಟ ತಾಳ್ಮಿ ಎಲ್ಲಿಂದ ಬರಬೇಕು? ಸ್ವಿಚ್ ಬಂದ್ ಮಾಡಿ ಮತ್ತ ಚಾಲೂ ಮಾಡ್ತೀರಿ, ಅದು ಮತ್ತ ಮೊದಲಿಂದ ಪರೀಕ್ಷೆ ಚಾಲೂ ಮಾಡತೈತಿ. ಹಿಂಗ ಇಬ್ಬರದೂ ರಾತ್ರಿಯೆಲ್ಲಾ ಜಗಳಾ. (ಚಾ ಕುಡದ ಬರ್ರಿ. ಅದು ಬಂದಿರತೈತಿ.)

ಓವರ್‌ಕ್ಲಾಕಿಂದ ದೊಡ್ಡ ದೊಡ್ಡವರೂ ತಲಿ ಕೆಡಿಸ್ಕೊಂಡಾರ. ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2005ರಾಗ ಇದನ್ನ ಬರದಾನ. ವಿಂಡೋಸ್ ಬಂದ್ ಆದ ವರದಿ ತಗದ ನೋಡಿದ್ರ ಕೆಲವದ್ರಾಗ ಪ್ರೊಸೆಸರ್ ತಪ್ಪಾಕ ಸಾಧ್ಯನ ಇಲ್ಲದ ಸಾದಾ ಹೆಜ್ಜಿದಾಗ ತಪ್ಪಿತ್ತು. ಕೇಳಿ ನೋಡಿದ್ರ ಮಶೀನ್ ಓವರ್‌ಕ್ಲಾಕ್. ಕೆಲವರಿಗಂತೂ ತಮ್ಮ ಮಶೀನ್ ಹಂಗ ಐತಿ ಅನ್ನೋದ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು. ನೀವು ಫೋಟೋ ಬ್ಯಾರೆ ಹಾಕೀರಿ.

ಈಗ ನೀವು ಎದ್ದ ನಿಂದರ್ತೀರಿ: "ಎಲ್ಲಾ ನಮ್ಮ ತಪ್ಪ ಏನ್ರೀ? ಕಂಪನಿಯವರು ತಪ್ಪೂದಿಲ್ಲೇನು?" ತಪ್ಪತಾರ, ಛಂದಂಗ ತಪ್ಪತಾರ. ಇಂಟೆಲ್ಲಿನ 13, 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್ ತಗೊಂಡವರನ್ನ ಕೇಳ್ರಿ. ಗೇಮ್ ಬಂದ್ ಆಗುಮುಂದ "ವಿಡಿಯೋ ಮೆಮರಿ ಸಾಲವಲ್ತು" ಅಂತ ಬರೂದು. ಎಲ್ಲಾರೂ ಗ್ರಾಫಿಕ್ಸ್ ಕಾರ್ಡಿಗಿ ಶಾಪಾ ಹಾಕಿದ್ರು. ಕಾರ್ಡ್ ಬದಲಿ ಮಾಡಿದವರೂ ಇದ್ರು. ತಪ್ಪ ಇದ್ದದ್ದು ಪ್ರೊಸೆಸರಿನ್ಯಾಗ!

2024ರ ಜುಲೈದಾಗ ಇಂಟೆಲ್ಲೇ ಒಪ್ಕೊಂತು: ಒಳಗಿನ ಮೈಕ್ರೋಕೋಡ್ ಪ್ರೊಸೆಸರಿಗಿ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಬೇಡಾಕ ಹತ್ತಿತ್ತು ಅಂತ. ಆಗಸ್ಟಿನ್ಯಾಗ ಬಯೋಸ್ ಅಪ್‌ಡೇಟಿನ ಮೂಲಕ ತಿದ್ದುಪಡಿ ಬಂತು. ಆದ್ರ ಆಗಲೇ ಕೆಟ್ಟ ಪ್ರೊಸೆಸರ್ ಅಪ್‌ಡೇಟಿಗಿ ರಿಪೇರಿ ಆಗೂದಿಲ್ಲ. ವಾರಂಟಿ ಎರಡ ವರ್ಷ ಹೆಚ್ಚಿಗಿ ಮಾಡಿದ್ರು. (ಆ ಪೀಳಿಗೆ ನಿಮ್ಮ ಹತ್ರ ಇದ್ದು ಬಯೋಸ್ ಇನ್ನೂ ಹಳೇದಿದ್ರ, ಈ ಹರಟಿ ಇಲ್ಲೆ ಬಿಟ್ಟ ಹೋಗಿ ಅದನ್ನ ಮಾಡ್ಕೊಂಡ ಬರ್ರಿ. ನಾ ಕುಂತಿರ್ತೇನಿ.)

ಎಎಂಡಿಯವರೂ ಹಿಗ್ಗೂದ ಬ್ಯಾಡ. 2023ರ ಏಪ್ರಿಲ್‌ದಾಗ ರೈಜೆನ್ 7 7800ಎಕ್ಸ್3ಡಿ ಕೆಲವ ಬೋರ್ಡ್ ಮ್ಯಾಲ ಸುಟ್ಟು, ಎಸ್‌ಒಸಿ ವೋಲ್ಟೇಜ್ 1.3ಕ್ಕಿಂತ ಮ್ಯಾಲ ಹೋಗದಂಗ ಬಯೋಸಿನ್ಯಾಗ ಬೇಲಿ ಹಾಕಬೇಕಾತು. ಮತ್ತ 2022ರಾಗ ಆರ್‌ಟಿಎಕ್ಸ್ 4090 ಕಾರ್ಡಿನ ಪವರ್ ಕನೆಕ್ಟರ್ ಕರಗಿದ್ದು ನೆನಪೈತೇನು? ಎನ್‌ವಿಡಿಯಾದವರು ತಪಾಸ ಮಾಡಿ ಹೇಳಿದ್ರು, ಹೆಚ್ಚಾಗಿ ಕಂಡದ್ದು ಕನೆಕ್ಟರ್ ಪೂರಾ ಒಳಗ ಹೋಗಿರಲಿಲ್ಲ ಅಂತ. ಕಾರ್ಡಿನ ಬೆಲಿ ಕೇಳಿದ್ರ ಎದಿ ಒಡೀತೈತಿ, ಒತ್ತಾಕ ಮಾತ್ರ ಅಂಜಿಕಿ! ನಿಮ್ಮದೂ ಒಮ್ಮೆ ಒತ್ತಿ ನೋಡ್ರಿ. ಕಟ್ ಅನ್ನಬೇಕು.

ಬಿಸಿ ವಿಚಾರಕ್ಕ ಬರೂಣು. ನಿಮ್ಮ ಕ್ಯಾಬಿನೆಟ್ ಈಗ ಎಲ್ಲೈತಿ? ಟೇಬಲಿನ ಕೆಳಗ, ಗ್ವಾಡಿಗಿ ಒತ್ತಿ. ಅದರ ನೆತ್ತಿ ಮ್ಯಾಲ ಬಿಸಿಗಾಳಿ ಹೊರಗ ಹಾಕೋ ಫ್ಯಾನ್ ಅದಾವ. ಆ ಫ್ಯಾನಿನ ಮ್ಯಾಲ ನಿಮ್ಮ ಅವ್ವ ಕ್ರೋಶಾ ಕಡ್ಡೀಲೆ ತಾನ ಹೆಣದ ಬಿಳೇ ಹೊದಿಕಿ ಹಾಸ್ಯಾಳ, ಅದರ ಮ್ಯಾಲ ಸಣ್ಣ ಗಣಪತಿ, ಗಣಪತಿ ಮುಂದ ಒಣಗಿದ ದಾಸವಾಳ. ಧೂಳ ಕುಂದ್ರಬಾರದಂತ! ಏಪ್ರಿಲ್ ಬಿಸಲಾಗ ಪ್ರೊಸೆಸರ್ ನೂರು ಡಿಗ್ರಿ ಹತ್ರ ಬಂದ್ರ ಮೊದಲ ತನ್ನ ವೇಗಾ ಕಡಿಮಿ ಮಾಡತೈತಿ, ಬಿಸಿ ಇನ್ನೂ ಏರಿದ್ರ ಜೀವಾ ಉಳಿಸ್ಕೊಳ್ಳಾಕ ಬಂದ್ ಆಗತೈತಿ. ಅವ್ವಗ ಹೇಳಾಕ ನಿಮಗ ಧೈರ್ಯ ಇಲ್ಲ. ಗೇಮಿನ್ಯಾಗ ಮಾತ್ರ ದೊಡ್ಡ ಶೂರರು.

ಕೂಲರ್ ಬಿಚ್ಚಿ ನೋಡ್ರಿ ಒಮ್ಮೆ. ಕೆಳಗಿನ ತಾಮ್ರದ ತಟ್ಟಿಗಿ ಒಂದು ತೆಳ್ಳಗಿನ ಪ್ಲಾಸ್ಟಿಕ್ ಹಾಳಿ ಅಂಟಿಸಿರ್ತಾರ. ಹಚ್ಚೂದಕ್ಕಿಂತ ಮೊದಲ ಕೀಳು ಅಂತ ಅದರ ಮ್ಯಾಲ ಬರದಿರತೈತಿ. ಎಷ್ಟ ಮಂದಿ ಅದನ್ನ ಕಿತ್ತಿಲ್ಲ ಗೊತ್ತೈತೇನು? ಪ್ಲಾಸ್ಟಿಕ್ ಮ್ಯಾಲನ ಥರ್ಮಲ್ ಪೇಸ್ಟ್, ಅದೂ ರೊಟ್ಟಿಗಿ ಬೆಣ್ಣಿ ಹಚ್ಚಿದಂಗ ಧಾರಾಳ! ನಿಮ್ಮದಲ್ಲ, ನಿಮ್ಮದಲ್ಲ. ನಿಮ್ಮ ಗೆಳ್ಯಾಂದು. ಆತಿಲ್ಲೋ?

ರೀಸೆಟ್ ಬಟನ್ನಿನ ಮ್ಯಾಲೂ ಸಂಶೇ ಇಡ್ರಿ. ಸೋವಿ ಕ್ಯಾಬಿನೆಟ್ಟಿನ್ಯಾಗ ಆ ಬಟನ್ ಒಳಗ ಸಿಕ್ಕೊಂಡು ತಾನ ಒತ್ತತಿರತೈತಿ. ಬೋರ್ಡಿಂದ ಅದರ ಸಣ್ಣ ವೈರ್ ಎರಡ ದಿನಾ ಕಿತ್ತಿಟ್ಟ ನೋಡ್ರಿ, ನಯಾ ಪೈಸಾ ಖರ್ಚಿಲ್ಲ. ರೀಸ್ಟಾರ್ಟ್ ನಿಂತ್ರ ಅದ ಕಳ್ಳ. (ನಿಮಗಿದು ಸೇರೂದಿಲ್ಲ, ನನಗ ಗೊತ್ತೈತಿ. ಪುಗಸಟ್ಟೆ ರಿಪೇರಿ ಯಾರಿಗಿ ಹೇಳ್ಕೊಳ್ಳಾಕ ಬರತೈತಿ? ಹೊಸಾ ಕಾರ್ಡ್ ತರಾಕ ಒಂದ ನೆವಾ ಬೇಕಾಗಿತ್ತು ನಿಮಗ.)

ಕರೆಂಟಿಗಿ ಬೈಯೂಣೇನು ಈಗ? ಬೈರಿ, ನಮ್ಮ ಕಡೆ ಅದಕ್ಕ ಹಕ್ಕ ಐತಿ. 1887ರಷ್ಟೊತ್ತಿಗೆ ಘಟಪ್ರಭೆಯ ನೀರಿನ ಜೋರಿನ ಮ್ಯಾಲ ಗೋಕಾಕ ಫಾಲ್ಸಿನ ಮಿಲ್ ತಿರುಗಿಸಿದ ನೆಲಾ ಇದು. ಕರೆಂಟ್ ಹುಟ್ಟಿದ್ದ ನಮ್ಮಲ್ಲೆ ಅಂತ ಫಾಲ್ಸ್ ನೋಡಾಕ ಬಂದ ಬೀಗರಿಗೆಲ್ಲಾ ತೂಗಸೇತುವೆ ಮ್ಯಾಲ ನಿಂತ ಹೇಳ್ತೀವಿ. ಹುಕ್ಕೇರಿ ತಾಲೂಕಿನವರಂತೂ 1969ರಾಗನ ತಮ್ಮದ ವಿದ್ಯುತ್ ಸಹಕಾರಿ ಸಂಘಾ ಮಾಡ್ಕೊಂಡ ಮಂದಿ. ಇಷ್ಟೆಲ್ಲಾ ಬಡಿವಾರ ಹೇಳಿ ಮನಿಗಿ ಬಂದ್ರ ಟ್ಯೂಬಲೈಟ್ ಒಮ್ಮೆ ಪಿಳಕ್ ಅಂತೈತಿ, ಸಿಸ್ಟಮ್ ರೀಸ್ಟಾರ್ಟ್!

ಆ ಪಿಳಕ್ ಎಷ್ಟೊತ್ತಿಂದು? ನಮ್ಮ ಕರೆಂಟ್ 50 ಹರ್ಟ್ಜ್, ಅಂದ್ರ ಒಂದ ಸುತ್ತಿಗಿ 20 ಮಿಲಿಸೆಕೆಂಡ್. ಛಲೋ ಎಸ್‌ಎಂಪಿಎಸ್ ಕರೆಂಟ್ ಇಲ್ಲದ ಹೆಚ್ಚುಕಮ್ಮಿ 16, 17 ಮಿಲಿಸೆಕೆಂಡ್ ದಮ್ಮ ಹಿಡೀತೈತಿ. ಸೋವಿದು ಅಷ್ಟೂ ಹಿಡ್ಯೂದಿಲ್ಲ. ಟೀವಿಗಿ ಏನೂ ಆಗೂದಿಲ್ಲ, ಫ್ರಿಜ್ಜಿಗಿ ಏನೂ ಆಗೂದಿಲ್ಲ, ನಿಮ್ಮ ಲಕ್ಷದ ಮಶೀನ್ ಮಾತ್ರ ಮೂರ್ಛೆ ಹೋಗತೈತಿ. ಬಂದ್ ಆದ ಟೈಮ್ ಒಂದ ಹಾಳ್ಯಾಗ ಬರೀರಿ. ಹೊಲದ ಮೋಟರಿನ ಕರೆಂಟ್ ಬರೂ ಟೈಮಿಗೂ ಅದಕ್ಕೂ ತಾಳ ಕೂಡ್ತಂದ್ರ ರ‍್ಯಾಮ್ ಬಿಚ್ಚೂದ ಬಿಡ್ರಿ.

"ಯುಪಿಎಸ್ ಐತ್ರೀ ಅಣ್ಣಾ!" ಯಾವದು? ಅಪ್ಪನ ಹಳೇ ಕಂಪ್ಯೂಟರಿಂದು, 600 ವಿಎ. ಅದರ ಅಸಲ ತಾಕತ್ತ ಸುಮಾರ 360 ವ್ಯಾಟ್. ನಿಮ್ಮ ಸಿಸ್ಟಮ್ ಗೇಮ್ ಆಡುಮುಂದ ಅದಕ್ಕಿಂತ ಜಾಸ್ತಿ ಎಳೀತೈತಿ, ಯುಪಿಎಸ್ ಕುಂಯ್ ಅಂದು ತಾನ ಮೊದಲ ಮಲಗತೈತಿ. ಮತ್ತ ಅದರ ಹಿಂದ ಒಂದ ಎಕ್ಸ್‌ಟೆನ್ಶನ್ ಬೋರ್ಡ್, ಅದಕ್ಕ ಮಿಕ್ಸರ್, ಮೊಬೈಲ್ ಚಾರ್ಜರ್, ಒಮ್ಮೊಮ್ಮೆ ಇಸ್ತ್ರಿ ಪೆಟ್ಟಿಗಿ. ಇಲ್ಲ ಅನ್ರಿ ನೋಡೂಣು.

ಕ್ಯಾಬಿನೆಟ್ ಮುಟ್ಟಿದ್ರ ಕೈ ಜುಮ್ ಅಂತೈತೇನು? ಟೆಸ್ಟರ್ ಹಚ್ಚಿದ್ರ ದೀಪಾ ಹತ್ತತೈತೇನು? ನಿಮ್ಮ ಮನ್ಯಾಗ ಅರ್ಥಿಂಗ್ ಇಲ್ಲ. ಮೂರ ಕಡ್ಡಿ ಪ್ಲಗ್ ಎರಡ ತೂತಿಗಿ ಕೂಡವಲ್ದಂತ ಮ್ಯಾಲಿನ ದಪ್ಪ ಕಡ್ಡಿನ ಮುರದ ಹಾಕಿದ ವೀರರು ನೀವು! ಎಸ್‌ಎಂಪಿಎಸ್ಸಿನ ಒಳಗ ಗದ್ಲಾ ಸೋಸೋ ಕೆಪ್ಯಾಸಿಟರ್ ಇರ್ತಾವು, ಅವು ಸೋಸಿದ್ದನ್ನ ಅರ್ಥಿಗಿ ಬಿಡಬೇಕು. ಅರ್ಥ್ ಇಲ್ಲದಾಗ ಅದು ಕ್ಯಾಬಿನೆಟ್ಟಿನ ಮೈಮ್ಯಾಗ ನಿಂದರತೈತಿ. ಇದಕ್ಕ ಯೂಟ್ಯೂಬ್ ಬ್ಯಾಡ, ವೈರಮನ್‌ಗ ಕರೀರಿ.

ಇಷ್ಟ ಕೇಳಿ ನೀವು ಇವತ್ತ ರಾತ್ರಿ ಏನ ಮಾಡ್ತೀರಿ ಅಂತ ನನಗ ಗೊತ್ತೈತಿ. ರ‍್ಯಾಮ್ ಬದಲಿ, ಬಯೋಸ್ ಅಪ್‌ಡೇಟ್, ಹೊಸಾ ಡ್ರೈವರ್, ಪ್ಲಗ್ ಬದಲಿ, ಗಣಪತಿನೂ ಬದಲಿ, ಎಲ್ಲಾ ಒಮ್ಮೆಲೇ. ನಾಳೆ ಛಲೋ ನಡೀತೈತಿ. ಯಾವದರಿಂದ ಸರಿ ಹೋತು ಅಂದ್ರ ಗೊತ್ತಿಲ್ಲ. ಮುಂದಿನ ವಾರಾ ಮತ್ತ ಬಂದ್ ಆದ್ರ ಯಾವದರಿಂದ ಕೆಡ್ತು ಅನ್ನೋದೂ ಗೊತ್ತಿರೂದಿಲ್ಲ. ಒಂದ ಸಲಕ್ಕ ಒಂದ ಬದಲಿ ಮಾಡ್ರಿ. ಮೊದಲ ಎಕ್ಸ್‌ಎಂಪಿ ಬಂದ್ ಮಾಡಿ ಎರಡ ದಿನಾ ಆಡ್ರಿ. ರಾತ್ರಿ ಮೆಮ್‌ಟೆಸ್ಟ್ ಅನ್ನೋ ಮೆಮರಿ ಪರೀಕ್ಷೆ ಹಚ್ಚಿ ಮಲಗ್ರಿ. ಒಂದ ಎರರ್ ಬಂದ್ರೂ ಸ್ಟಿಕ್ ಒಂದೊಂದ ತಗದ ಪರೀಕ್ಷೆ ಮಾಡ್ರಿ. ಗೆಳ್ಯಾನ ಹತ್ರ ಛಲೋ ಎಸ್‌ಎಂಪಿಎಸ್ ಇದ್ರ ಒಂದ ಸಂಜಿಗಿ ಇಸ್ಕೊಂಡ ಬರ್ರಿ, ಅದರ ವೈರ್ ಸಮೇತ. (ಒಂದ ಕಂಪನಿ ಎಸ್‌ಎಂಪಿಎಸ್ಸಿಗಿ ಬ್ಯಾರೆ ಕಂಪನಿ ವೈರ್ ಹಚ್ಚಿದ್ರೆಂದ್ರ ಹೊಗಿ ಬರತೈತಿ, ಆಮ್ಯಾಲ ಖರೇನ ತಾನ ಬಂದ್ ಆಗತೈತಿ.)

ಈಗ ಕಿವಿ ಜರಾ ಹತ್ರ ತರ್ರಿ. ಮನ್ಯಾಗ ಅಪ್ಪಗ ಈ ಸಿಸ್ಟಮ್ ಎಷ್ಟಕ್ಕ ಬಂತು ಅಂತ ಹೇಳೀರಿ? ನಲವತ್ತ ಸಾವಿರ? "ಕಾಲೇಜಿನ ಪ್ರಾಜೆಕ್ಟಿಗಿ ಬೇಕು" ಅಂತ ಬ್ಯಾರೆ ಹೇಳಿರ್ತೀರಿ. ಹಂಗಾದ್ರ ಖರೇ ಬಿಲ್ ಏನ ಮಾಡಿದ್ರಿ? ಹರದ ಒಗದ್ರೋ, ಹಾಸಿಗಿ ಕೆಳಗ ಅದಾವೋ?

ಯಾಕ ಕೇಳಾಕ ಹತ್ತೇನಿ ಅಂದ್ರ, ಛಲೋ ಎಸ್‌ಎಂಪಿಎಸ್ಸಿಗಿ ಐದ, ಏಳ, ಹತ್ತ ವರ್ಷದ ವಾರಂಟಿ ಇರತೈತಿ. ಆ ಇಂಟೆಲ್ ಪ್ರೊಸೆಸರಿಗಿ ಡಬ್ಬಿದಾಗ ಬಂದದ್ದಾದ್ರ ಮೂರ ಇದ್ದದ್ದು ಐದ ವರ್ಷ ಆಗೇತಿ. ಕ್ಲೇಮ್ ಹಾಕಾಕ ಹೋದ್ರ ಎಲ್ಲಾರೂ ಮೊದಲ ಕೇಳೋದು ಬಿಲ್ಲನ್ನ. ಹಾಸಿಗಿ ಎತ್ತಿ ಹುಡುಕ್ರಿ. ಆನ್‌ಲೈನ್ ತಗೊಂಡದ್ದರ ಬಿಲ್ ಮೇಲಿನ್ಯಾಗ ಇರತೈತಿ, ಅಂಗಡ್ಯಾಗ ತಗೊಂಡಿದ್ರ ಅವರ ಹತ್ರ ನಕಲ ಕೇಳ್ರಿ. ಸಂಜೀಕ ಅಪ್ಪ ಚಾ ಕುಡಿಯುಮುಂದ ಖರೇ ರೇಟ್ ಹೇಳಿಬಿಡ್ರಿ. ಸಿಟ್ಟ ಬಂತಂದ್ರ ಮುಂದ ಒಂದ ಪಾಕೀಟ ಕರದಂಟ ಇಡ್ರಿ. ಆಮ್ಯಾಲ ಬಿಲ್ಲಿನ ಫೋಟೋ ನನಗ ಕಳಸ್ರಿ. ಮತ್ತ ಫೋನ್ ಮಾಡುಮುಂದ "ನಾ ಏನೂ ಮಾಡಿಲ್ಲ" ಅನ್ನೋದೊಂದ ಬಿಟ್ಟ ಉಳದದ್ದ ಹೇಳ್ರಿ, ಕ್ಲೇಮ್ ನಾ ಹಾಕ್ತೇನಿ.